ಚೋರಖಾನಿ

ಭಾನುವಾರ ನನಗ ವಾರದ ರಜಾ.
ವಿಜಯಪುರದ ಶಹಾಪೇಟಿ ಓಣ್ಯಾಗ ಹಳೇ ಸಾಮಾನಿನ ಅಂಗಡಿ:
ಬಾಗಿಲಿಲ್ಲದ ಕಪಾಟು, ಕಪಾಟಿಲ್ಲದ ಬಾಗಿಲು,
ಮೂರು ಕಾಲಿನ ಕುರ್ಚಿ ಮ್ಯಾಲೆ ಮಲಗಿದ ಬೆಕ್ಕು.
ಅಂಗಡಿಯವ ಮೌನಪ್ಪ ಬಡಿಗೇರ.
ಹೆಸರಷ್ಟ ಮೌನ. ಬಾಯಿ ಕೀಸುಳಿ ಹಿಡದಂಗ,
ಸುರುಳಿ ಸುರುಳಿ ಮಾತು ಉದುರಸತಾನ.

ನಮ್ಮವರಿಗೆ ಬೇಕಾಗಿದ್ದು ಸ್ಟೇಷನ್ ರೋಡಿನ ಶೋರೂಮಿಂದು.
ಸರಿಯೋ ಬಾಗಿಲು, ಆಳೆತ್ತರ ಕನ್ನಡಿ,
ತೆಗೆದ ಕೂಡ್ಲೆ ತಾನ ಹತ್ತೋ ದೀಪ,
ಹನ್ನೆರಡು ಕಂತು.
ನನ್ನನ್ನ ಕರದಿದ್ದು ಮೂಲ್ಯಾಗ ನಿಂತ ಸಾಗವಾನಿ.
ಹಿತ್ತಾಳಿ ಹಿಡಿಕಿ, ತತ್ತಿ ಆಕಾರದ ಕನ್ನಡಿ,
ಪಾರಾ ಎದ್ದ ಕಡೆ ನನ್ನ ಮಾರಿ
ಮೋಡದಾಗ ಹೋಗಿ ಹೊರಗ ಬಂತು.

ನಮ್ಮವ್ವನ ಮನ್ಯಾಗ ಕಪಾಟ ಇರಲಿಲ್ಲ.
ಗಳದ ಮ್ಯಾಲೆ ದಿನದ ಸೀರಿ, ಟ್ರಂಕಿನಾಗ ಹಬ್ಬದ್ದು,
ಮಾಡದಾಗ ಎಣ್ಣಿ ಬಾಟ್ಲಿ, ಹಗೇವಿನಾಗ ಜ್ವಾಳ.
ಉಳಿದಿದ್ದು ಸೆರಗಿನ ತುದಿಯ ಗಂಟಿನಾಗ.

ಮೌನಪ್ಪ ಟೇಪು ಬಿಚ್ಚಿದ.
"ಮೊದಲು ಅಳತಿ ತಂಗಿ, ಆಮ್ಯಾಲೆ ಮನಸು.
ಹಳೇ ಮಂದಿ ಅರಿವಿ ಮಡಚತಿದ್ರು, ತೂಗ ಹಾಕತಿರಲಿಲ್ಲ.
ಆಳ ಬರೇ ಹದಿನಾರು ಇಂಚು.
ನಿನ್ನ ಗಂಡನ ಅಂಗಿ ಹ್ಯಾಂಗರಿಗೆ ಹಾಕಿದ್ರ
ತೋಳು ಬಾಗಲಾಗ ಸಿಕ್ಕು, ಹೋಗಬರೋರಿಗೆ ಕೈ ಬೀಸತೈತಿ.
ಹೊಸಾದು ಅಂತೀರಿ? ತಗೋರಿ. ಪುಡಿ ಒತ್ತಿದ ಹಲಗಿ,
ಗ್ವಾಡಿ ಒಮ್ಮೆ ಹಸಿ ಕುಡದ್ರ ಹೋಳಗಿ ಉಬ್ಬಿದಂಗ ಉಬ್ಬತೈತಿ.
ಇನ್ನ ಸರಿಯೋ ಬಾಗಿಲದ್ದೊಂದು ತಮಾಷಿ:
ಇವರ ಕಡೆ ತೆಗೆದ್ರ ನಿನ್ನ ಕಡೆ ಮುಚ್ಚತೈತಿ.
ಎರಡೂ ಕೂಡಿ ತೆರೆಯೂ ಜಾತಿ ಅಲ್ಲ ಅದು."

ನಮ್ಮವರು ನಕ್ಕರು.
ಆವತ್ತಿಗೆ ಅದ ಮೊದಲ ನಗಿ.
ಮಾತು ಹರೀತು: ಬಾಗಿಲು ಸಾಗವಾನಿದ, ಒಳಗಿನ ಮೈ ಹೊಸಾದು,
ಇಪ್ಪತ್ತೆರಡು ಇಂಚು ಆಳ, ಸ್ಟೀಲಿನ ಕೊಳವಿ.
ಕನ್ನಡಿ ಬದಲಿ ಮಾಡಬ್ಯಾಡ, ಅಂದೆ ನಾ.

ಅವರು ಚಾ ಹೇಳಾಕ ಹೊರಗ ಹೋದದ್ದ ತಡ
ಮುದುಕ ಬಗ್ಗಿದ.
ಕೆಳಗಿನ ಪಟ್ಟಿ ಎಡಕ್ಕ ಒತ್ತಿ, ಮ್ಯಾಲೆತ್ತಿದ.
ಅಂಗೈ ಅಗಲದ ಒಂದು ಖಾನಿ
ಸಪ್ಪಳಿಲ್ಲದ ಹೊರಗ ಬಂತು.

ಒಂದು ತಲಿಪಿನ್ನು. ಅರ್ಧ ಜಾಜಿಕಾಯಿ.
ಮೋಡಿ ಅಕ್ಷರದ ಚೀಟಿ, ನಾಕು ಮಡಿಕಿ,
ಈಗ ಓದೂರ ಯಾರೂ ಇಲ್ಲ.
ಹಾಲಿನ ಲೆಕ್ಕ ಇದ್ದೀತು.
ಇರಲಿಕ್ಕೂ ಇಲ್ಲ.

"ಹೊಸಾದ್ರಾಗೂ ಇಡತೀನಿ ಇದನ್ನ.
ಯಾರೂ ಕೇಳಂಗಿಲ್ಲ, ನಾ ರೊಕ್ಕಾ ಹಿಡಿಯಂಗಿಲ್ಲ.
ಎಲ್ಲಿ ಒತ್ತಬೇಕಂತ ಮನೀ ಹೆಣಮಗಳಿಗೆ ಒಬ್ಬಾಕಿಗೆ ಹೇಳತೀನಿ."
ಅಷ್ಟೊತ್ತಿಗೆ ಚಾ ಬಂತು.
ಹೆಸರಿಗೆ ತಕ್ಕಂಗ ಮೌನಪ್ಪ
ಅವತ್ತು ಒಂದ ಒಂದು ಸಲ ಸುಮ್ಮನಾದ.

ಇಪ್ಪತ್ತನೇ ದಿನ ಟಂಟಂನಾಗ ಬಂತು.
ಮೆಟ್ಟಿಲ ತಿರುವಿನಾಗ ಸಿಕ್ಕು, ಬಾಗಿಲು ಬಿಚ್ಚಿ ಏರಿಸಿದ್ವಿ,
ಮ್ಯಾಲಿನ ಮನಿ ಮುದುಕಿ ಹಾರಿ ಬಿದ್ದು ಬೈದ್ಲು.
ಎಡಕ್ಕ ಅವರ ಅಂಗಿ, ಬಲಕ್ಕ ನನ್ನ ಎರಡು ಜೋಡಿ ಖಾಕಿ,
ಮ್ಯಾಲೆ ಇಳಕಲ್ ಸೀರಿ, ಡಾಂಬರ ಗುಳಿಗಿ.
ನಡುವಿನ ಅರಿ ಯಾರದಂತ ಇನ್ನೂ ಜಗಳ ಹರದಿಲ್ಲ.

ಚೋರಖಾನಿ ಒಮ್ಮೆ ತೆಗೆದೆ, ರಾತ್ರಿ, ಅವರ ಗೊರಕಿ ಕೇಳಿ.
ಹಸಿ ಕಟಗಿ ವಾಸನಿ.
ಉಂಗುರ ಇಡಲೇನು? ಪಗಾರದ ಉಳಿತಾಯ?
ಮೊದಲ ದಿನ ಹರಿದ ಟಿಕೆಟ್ಟಿನ ಚೂರು?
ಏನೂ ಇಡದ ಮುಚ್ಚಿದೆ.

ಇಂಡಿಯ ಕೊನೇ ಬಸ್ಸು.
ಸೀಟು ತುಂಬಿ, ನಿಂತವರ ಹೆಗಲಿಗೆ ಹೆಗಲು,
ಬಾಗಲಾಗ ಜೋತಾಡೋ ಹುಡುಗ್ರು,
ಯಾರದೋ ಬುಟ್ಟಿಯಾಗ ಕೂಗೋ ಕೋಳಿ.
ಸೀಟಿ ಊದಿ ಒದರತೀನಿ:
"ಒಳಗ ಸರೀರಿ, ಸರೀರಿ, ಜಾಗಾ ಐತಿ!"

ಹದಿನಾಕು ವರ್ಷದಿಂದ ಇದ ಸುಳ್ಳು,
ಬಸ್ಸಿನ ಮಂದಿಗೆಲ್ಲ ಗೊತ್ತು.
ಈಗೀಗ ನನಗಷ್ಟ
ಅದು ಸುಳ್ಳನಸೂದಿಲ್ಲ.