ತಿಥಿ ತಿಳಿಯದ ಪೆಟ್ಟಿಗೆ

ಹೋದ ವರ್ಷದ ಕ್ಯಾಲೆಂಡರಿನ ಬೆನ್ನಿಗೆ
ಹಿತ್ತಿಲು ಬರೆದೆ.
ಬಾವಿ ಒಂದು ಸೊನ್ನೆ, ಟಾಕಿ ಒಂದು ಚೌಕ,
ನಡುವೆ ಅರ್ಧ ಇಂಚಿನ ಕರಿ ಪೈಪು
ಇಪ್ಪತ್ತಾರು ಮೀಟರು,
ತಿರುವಿಗೊಂದು ಎಲ್ಬೋ, ಕವಲಿಗೊಂದು ಟೀ.

ಯಮುನಕ್ಕ ಕಿಟಕಿ ಬದಿಯ ಮಂಚದಲ್ಲಿ,
ಮೊಣಕಾಲಿಗೆ ಹದಿನೇಳು ಹೊಲಿಗೆ.
ಬಾವಿಕಟ್ಟೆಯ ಪಾಚಿ ಅವಳನ್ನು ಬೀಳಿಸಿದ್ದು
ಹೋಳಿಯ ಮರುದಿನ.
ಆವತ್ತಿನಿಂದ ತಂಬಿಗೆ ನನ್ನ ಕೈಯಲ್ಲಿದೆ,
ಗಿಡಗಳು ಇನ್ನೂ ಒಪ್ಪಿಲ್ಲ.

"ಎಷ್ಟು ಗಿಡ?" ಕೋಡಿಬಾಗದ ಅಂಗಡಿಯಲ್ಲಿ
ಪೆಡ್ನೇಕರ್ ಕಿವಿಮೇಲಿನ ಪೆನ್ಸಿಲು ತೆಗೆದ.
ಗೊತ್ತಿರಲಿಲ್ಲ. ಮನೆಗೆ ಬಂದು ಎಣಿಸಿದೆ.
ಅಬ್ಬಲಿಗೆ ಹನ್ನೊಂದು, ಮೆಣಸು ಒಂಬತ್ತು,
ಭಟ್ಕಳ ಮಲ್ಲಿಗೆ ನಾಲ್ಕು ಬುಡ,
ಬದನೆ ಆರು, ಬಸಳೆ ಮೂರು, ತೊಂಡೆ ಮೂರು,
ದಾಸವಾಳ ಜೋಡಿ, ನಿಂಬೆ, ಕರಿಬೇವು,
ಅಂಕೋಲೆಯಿಂದ ಬಸ್ಸಿನಲ್ಲಿ ತೊಡೆಮೇಲೆ ಬಂದ
ಕರಿ ಇಶಾಡಿನ ಒಂದು ಸಸಿ.
ನಲವತ್ತೊಂದು.

"ಒಂದೊಂದಕ್ಕೆ ಎಷ್ಟು ನೀರು?"
ಅದನ್ನು ಅಕ್ಕನೇ ಹೇಳಬೇಕು.
"ಅಬ್ಬಲಿಗೆಗೆ ಒಂದು ತಂಬಿಗೆ. ಮೆಣಸಿಗೆ ಅರ್ಧ,
ಹೆಚ್ಚಾದರೆ ಸಿಟ್ಟು ಮಾಡ್ತದೆ.
ಬಸಳೆಗೆ ಸಾಕು ಅನ್ನುವಷ್ಟು."
ಸಾಕು ಅನ್ನುವುದು ಯಾರು? ನೀನೋ, ಬಸಳೆಯೋ?
"ಇಬ್ಬರೂ."
ಬರೆದೆ: ಬಸಳೆ, ಗಂಟೆಗೆ ನಾಲ್ಕು ಲೀಟರು.
ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ.

ಮೂವತ್ತೊಂದು ವರ್ಷ ಬೈತಖೋಲದ ಧಕ್ಕೆಯಲ್ಲಿ
ಕಡಲಿನ ಎತ್ತರ ಬರೆದವನು ನಾನು.
ಅಳತೆಕಂಬದ ಬಿಳಿ ಅಂಕಿಗೆ ನೀರು ಮುಟ್ಟಿದ್ದೆಲ್ಲಿ,
ಬಿಟ್ಟಿದ್ದೆಲ್ಲಿ, ಗಂಟೆಗೊಮ್ಮೆ, ನೀಲಿ ಶಾಯಿಯಲ್ಲಿ.
ಆಮೇಲೆ ತಾನೇ ಬರೆದುಕೊಳ್ಳುವ ಪೆಟ್ಟಿಗೆ ಬಂತು.
ಕಡಲಿಗೆ ವ್ಯತ್ಯಾಸವೇ ತಿಳಿಯಲಿಲ್ಲ.
ನನಗೆ ಸ್ವಲ್ಪ ತಿಳಿಯಿತು.

ಈಗ ನಾನೇ ಒಂದು ಪೆಟ್ಟಿಗೆ ಕೊಳ್ಳಲು ನಿಂತಿದ್ದೇನೆ.
ಅದಕ್ಕೆ ಏಳು ಗುಂಡಿ, ಸೋಮದಿಂದ ಭಾನು.
ಬೆಳಿಗ್ಗೆ ಆರಕ್ಕೆ ತೆರೆ, ಆರೂ ಇಪ್ಪತ್ತಕ್ಕೆ ಮುಚ್ಚು.
ವಾರ ಬಲ್ಲದು. ತಿಥಿ ತಿಳಿಯದು.
ಹುಣ್ಣಿಮೆಯೂ ಅದಕ್ಕೆ ಬರೀ ಬುಧವಾರ.

ನಮ್ಮದೋ ಕಾಳಿ ಕಡಲು ಸೇರುವ ಬದಿಯ ಮನೆ.
ಏಪ್ರಿಲಿನಲ್ಲಿ ದೊಡ್ಡ ಭರತಿ ಬಂದರೆ
ಉಪ್ಪು ಮರಳಿನಡಿಯಲ್ಲೇ ನಡೆದು ಬಾವಿಗಿಳಿದು
ಮೂರು ದಿನ ಕೂತಿರುತ್ತದೆ.
ಆ ನೀರು ಕುಡಿದರೆ ಮಲ್ಲಿಗೆ
ಎಲೆಯಂಚಿನಿಂದ ಸುಟ್ಟುಕೊಳ್ಳುತ್ತ ಬರುತ್ತದೆ.
"ಚಂದ್ರ ಇರುವ ಮಾಡೆಲ್ಲು
ಹುಬ್ಬಳ್ಳಿಯಲ್ಲೂ ಸಿಗೂದಿಲ್ಲ," ಎಂದ ಪೆಡ್ನೇಕರ್.

ಎರಡು ರಾತ್ರಿ ಅಳಿಸಿ ಬರೆದೆ.
ಟಾಕಿಯನ್ನು ಇನ್ನೊಂದು ಸಾಲು ಚಿರೆಕಲ್ಲು ಎತ್ತರಿಸಿದೆ,
ಕಾಗದದಲ್ಲೇ;
ಇಲ್ಲವಾದರೆ ಗೋಡೆಮೂಲೆಯ ಕೊನೆಯ ಮೆಣಸಿಗೆ
ನೀರಲ್ಲ, ಗಾಳಿ ಮಾತ್ರ ಹೋದೀತು.
ನಗರಸಭೆಯ ನಲ್ಲಿಯಿಂದ ಒಂದು ಗೆರೆ ಎಳೆದೆ,
ಬಾವಿ ಉಪ್ಪಾದ ದಿನಗಳಿಗೆ.
ಎರಡು ಗೆರೆ ಕೂಡುವಲ್ಲಿ ಕೆಂಪು ಹಿಡಿಯ ವಾಲ್ವು.
ತಿರುಗಿಸಲು ಕೈ ಬೇಕು.
ಯಾವಾಗ ಅಂತ ಹೇಳಲು ನಾಲಿಗೆ.

ಬಾವಿನೀರು ಒಂದು ಲೋಟ ತಂದುಕೊಟ್ಟೆ.
ಅಕ್ಕ ಬಾಯಿಗೆ ಹಾಕಿ, ಕಣ್ಣು ಮುಚ್ಚಿ,
ಕಿಟಕಿಯಾಚೆ ಉಗಿದಳು.
"ನಾಳೆಯಿಂದ ಬೇಡ."
ಗೋಡೆಯ ಕ್ಯಾಲೆಂಡರು ನೋಡಿದೆ. ತ್ರಯೋದಶಿ.
ವಾಲ್ವು ಬಾವಿಯ ಹತ್ತಿರ ಬರೆದಿದ್ದೆ,
ಅಳಿಸಿ ಕಿಟಕಿಯ ಕೆಳಗೆ ತಂದೆ,
ಮಂಚದಿಂದ ಕೈ ಚಾಚಿದರೆ ಸಿಗುವಷ್ಟು ದೂರ.
ಹೀಗೆ ಮಾಡಿದರೆ ಪೈಪು ನಾಲ್ಕು ಮೀಟರು ಹೆಚ್ಚು.
ಇರಲಿ.

ಸಾಮಾನು ಸೋಮವಾರ ಬರುತ್ತದಂತೆ.
ಅಲ್ಲಿಯವರೆಗೆ ತಂಬಿಗೆ ನನ್ನದೇ.
ಸಂಜೆ ಕೊನೆಯ ಸಾಲು ಮುಗಿಸಿ ತಿರುಗಿದರೆ
ಕಿಟಕಿಯಿಂದ ಕೂಗು:
"ಅಲ್ಲಿ, ಬಟ್ಟೆಕಲ್ಲಿನ ಸಂದಿಗೂ ಸ್ವಲ್ಪ ಹಾಕು."
ಅಲ್ಲಿ ಗಿಡವೇ ಇಲ್ಲವಲ್ಲೇ.
"ಕಪ್ಪೆ ಉಂಟು."

ಹಾಕಿದೆ. ಸಂದಿಯಲ್ಲಿ ಏನೋ ಮಿಸುಕಾಡಿತು.
ಕೈ ಒರೆಸಿಕೊಂಡು ಒಳಗೆ ಬಂದು
ಪೆಡ್ನೇಕರನಿಗೆ ಕೊಡುವ ಚೀಟಿಯಲ್ಲಿ
ಒಂದನ್ನು ಎರಡು ಮಾಡಿದೆ:
ಡ್ರಿಪ್ಪರು, ನಲವತ್ತೆರಡು.