ಏಪ್ರಿಲ್‌ನ ಸೀಟು

ಅಹ್ವೆನಿಸ್ತೊ ಟ್ರ್ಯಾಕಿನ ಬದಿಯಲ್ಲಿ ಹಿಮ ಇನ್ನೂ ಇತ್ತು.
ಕಸದ ಚೀಲಕ್ಕೆ ನೊರೆ ಸುರಿದು
ಸೈಮಿಯನ್ನು ಅದರ ಮೇಲೆ ಕೂರಿಸಿದೆ.
ಹತ್ತು ನಿಮಿಷ ಅಲ್ಲಾಡಬೇಡ, ಅಂದೆ. ನಕ್ಕಳು.
ಆ ನಗುವೂ ಬೆನ್ನಿನ ಹತ್ತಿರ
ಒಂದು ತಗ್ಗಾಗಿ ಗಟ್ಟಿಯಾಯಿತು.

ಅಲಸ್ತಾರೊದಲ್ಲಿ ಮೂರನೆಯವಳು.
ಆಮೇಲೆ ಮಳೆ, ಮೂಗು ಮುರಿದ ಕಾರು,
ಹಲ್ಲಿನಲ್ಲಿ ಟೇಪು ಕಚ್ಚಿ ಹರಿದುಕೊಡುವ ಅವಳಮ್ಮ.
ಪಾಯಿಂಟು ಎಣಿಸುವುದನ್ನು ಜುಲೈಗೇ ಬಿಟ್ಟೆವು.

ಇನ್ನೂರರಲ್ಲಿ ಓಡಿಸಿದವಳು
ಸಂಜೆ ವ್ಯಾನಿನಲ್ಲಿ ನನ್ನ ಪಕ್ಕ:
ಹದಿನೈದಕ್ಕೆ ಲೈಸೆನ್ಸ್ ಎಲ್ಲಿಂದ ಬರಬೇಕು?
ಎಂಬತ್ತರಲ್ಲಿ ನಾನು ತಿರುವು ತೆಗೆದಾಗಲೆಲ್ಲ
ನಿದ್ದೆಯಲ್ಲೇ ಅವಳ ಎಡಗಾಲು
ಇಲ್ಲದ ಬ್ರೇಕು ಒತ್ತುತ್ತಿತ್ತು.

ಸೆಪ್ಟೆಂಬರ್, ಕೊನೆಯ ರೇಸು.
ಸೊಂಟ ಸೀಟಿನೊಳಗೆ ಇಳಿಯಲೊಲ್ಲದು.
ಉಸಿರು ಬಿಗಿಹಿಡಿದಳು, ನಾನು ಬೆಲ್ಟು ಎಳೆದೆ.
ಎಂಟನೆಯವಳು.

ಕಾರು ಮಾರಿದೆವು. ಸೀಟು ಯಾರಿಗೂ ಬೇಡ.
ಗ್ಯಾರೇಜಿನಲ್ಲಿ ಬಿದ್ದಿದೆ,
ಬೆಕ್ಕು ಮಲಗುತ್ತದೆ
ಆ ತಗ್ಗಿಗೆ ಬೆನ್ನು ಕೊಟ್ಟು.