ಗೇಟಿನಲ್ಲಿ ಸಿಕ್ಕ ಚುಕ್ಕಿ

ಎರಡು ಲೋಟ ಹಿಟ್ಟಿಗೆ ಒಂದು ಲೋಟ ಉಪ್ಪು,
ನೀರು ಮಾತ್ರ ಕಣ್ಣಳತೆ.
ನುಸಿ ಹಿಡಿದ ರೇಷನ್ ಗೋಧಿಯನ್ನೇ ಬೀಸಿಸಿಕೊಂಡು ಬಂದಿದ್ದೆ;
ಆದರೂ ಅತ್ತೆ ಬಾಗಿಲಲ್ಲಿ ನಿಂತು
‘ತಿನ್ನೋ ಹಿಟ್ಟಿನಾಗ ಆಟ ಆಡ್ತೀರಲ್ರೇ’ ಅಂದರು,
ಅಂದು, ಅಲ್ಲೇ ಕೂತು,
ಅಂಟುವ ಉಂಡೆಗೆ ಒಣಹಿಟ್ಟು ಉದುರಿಸಿ
ನನಗಿಂತ ಹದವಾಗಿ ನಾದಿದರು.

ಹಟ್ಟಿಯ ಕ್ವಾರ್ಟರ್ಸಿನಲ್ಲಿ ಡಿಸೆಂಬರೆಂದರೆ
ಬೆಳಿಗ್ಗೆ ಮೈಗೊಂದು ಸ್ವೆಟರು,
ಹನ್ನೊಂದಕ್ಕೆ ಅದೇ ಸೊಂಟಕ್ಕೆ.
ಓವನ್ನು ಯಾರ ಮನೆಯಲ್ಲಿದೆ? ಯಾಕೆ ಬೇಕು?
ಹಪ್ಪಳ ಹರಡುವ ಹಳೇ ಸೀರೆಯಿತ್ತು, ಮಾಳಿಗೆಯಿತ್ತು.

ಶೀಬಾ ಬಳೆ ಒತ್ತಿ ಒತ್ತಿ ಚಂದ್ರ ಕತ್ತರಿಸಿದಳು.
ಚುಕ್ಕಿಗೆ ಮೂಲೆ ಐದೋ ಆರೋ ಎಂದು ಅಕ್ಕನ ಜೊತೆ ಜಗಳ ತೆಗೆದ ಎಲೀಶ
ಕೊನೆಗೆ ಏಳು ಮಾಡಿದ.
ಪಕ್ಕದ ಮನೆಯ ಹುಲಿಗೆಮ್ಮ, ವರ್ಷವಿಡೀ ನೆಗಡಿಯ ಹುಡುಗಿ,
ಏನು ಮಾಡಲಿ ಎಂದು ಕೇಳಲೇ ಇಲ್ಲ.
ಅಂಗೈಯಲ್ಲಿ ಉಂಡೆ ಹೊರಳಿಸಿ, ಬೆನ್ನು ಚಿವುಟಿ ಹಿಣಿಲೆತ್ತಿ,
ಕಡ್ಡಿ ಚುಚ್ಚಿ ಕಣ್ಣಿಟ್ಟು,
ಮಣ್ಣೆತ್ತಿನ ಅಮಾಸಿಗೆ ಮಾಡುವ ಹಾಗೇ
ಜೋಡೆತ್ತು ಇಳಿಸಿದಳು ನೆಲಕ್ಕೆ.
‘ಇವು ಕ್ರಿಸ್ಮಸ್ಸಿಗೆ ಬರಂಗಿಲ್ಲ’ ಅಂದ ಎಲೀಶ.
‘ನಿಮ್ಮ ದೇವರು ಹುಟ್ಟಿದ್ದು ದನದ ಮನ್ಯಾಗ ಅಂತ ನೀನ ಅಂದಿದ್ದಿ,
ದನ ಎಲ್ಲದಾವು ಮತ್ತ?’
ನಕ್ಕ ರಭಸಕ್ಕೆ ಅತ್ತೆಯ ಗಂಟಲಿಗೆ ಅಡಿಕೆ ಸಿಕ್ಕಿತು.

ಚುಕ್ಕಿಗಳಿಗೆ ಅರಿಶಿನ,
ಮಿಂಚಲಿ ಎಂದು ಮೇಲೊಂದು ಕೈ ಕೊಬ್ಬರಿ ಎಣ್ಣೆ.
ಮರವೆಂದರೆ, ಗಣಿ ದೂಳಿನ ದಿಬ್ಬದ ಹಿಂದಿನ ಬಳ್ಳಾರಿ ಜಾಲಿ;
ಒಂದು ಟೊಂಗೆ ಎಣ್ಣೆ ಡಬ್ಬದಲ್ಲಿ ನಿಂತಿತು.
ದಾರ ಬೇಕಾಗಲಿಲ್ಲ, ಎಲ್ಲವನ್ನೂ ಮುಳ್ಳಿಗೇ ಸಿಕ್ಕಿಸಿದೆವು.
ಹೆಬ್ಬೆರಳು ತರಚಿ, ಅದಕ್ಕೆ ಉಪ್ಪು ತಾಗಿ,
ಶೀಬಾ ಕೋಣೆ ತುಂಬ ಕುಣಿದಳು.

ನಮ್ಮವರದು ಆ ವಾರ ಎರಡನೇ ಪಾಳಿ.
ಯಾರಿಗೂ ಹೇಳದೆ ಎಲೀಶ
ಬುತ್ತಿಯ ರೊಟ್ಟಿ ಮಡಿಕೆಯಲ್ಲಿ ಏಳು ಮೂಲೆಯದನ್ನು ಇಟ್ಟಿದ್ದ,
ಅಷ್ಟು ಕೆಳಗೆ ಚುಕ್ಕಿ ಇರೋದಿಲ್ಲವಲ್ಲ ಎಂದು.
ಅವರು ನೋಡಿ ನಕ್ಕು, ಮುರಿಯದ ಹಾಗೆ
ಮತ್ತೆ ಡಬ್ಬಿಯಲ್ಲೇ ಮುಚ್ಚಿಟ್ಟರು.

ರಾತ್ರಿ ಗೇಟಿನಲ್ಲಿ ತಪಾಸಣೆ.
ಕಿಸೆ, ಬೂಟು, ಹೆಲ್ಮೆಟ್ಟು, ಡಬ್ಬಿ.
ಟ್ಯೂಬ್‌ಲೈಟಿಗೆ ಫಳಕ್ಕೆಂದಿತು ಹಳದಿ.
ಗಾರ್ಡು ಅಮರೇಗೌಡ ಎದ್ದು ನಿಂತನಂತೆ.
ಹಿಂದಿನ ಸಾಲೆಲ್ಲ ಸುಮ್ಮನಾಯಿತಂತೆ.
ಬೂಟಿನ ದೂಳನ್ನೂ ಅಲ್ಲೇ ಕೊಡವಿ ಬರುವ ಮನುಷ್ಯ ನಮ್ಮವರು,
ಇಪ್ಪತ್ತೆರಡು ವರ್ಷದ ಸರ್ವೀಸು;
ಆದರೂ ಕೈ ನಡುಗಿತಂತೆ, ಸುಮ್ಮಸುಮ್ಮನೆ.
ಅಮರೇಗೌಡ ಕೈಯಲ್ಲಿ ತೂಗಿದ, ಮೂಸಿದ,
ಒಂದು ಮೂಲೆ ಹಲ್ಲಿಗೆ ಕೊಟ್ಟು ಕಟಕ್ಕೆಂದು ಕಡಿದ.
ಥೂ!
‘ದೇವಪುತ್ರಪ್ಪ, ಇದೇನಪಾ, ಬರೇ ಉಪ್ಪು!’
ಬಾಯಿ ಮುಕ್ಕಳಿಸಿ ಬಂದು,
‘ನಿಮ್ಮನಿ ಉಪ್ಪು ತಿಂದೆ,
ಇನ್ನ ನಿನಗ ಎರಡು ಬಗಿಯಂಗಿಲ್ಲ, ನಡಿ’ ಅಂದ.
ಆದರೆ ರಿಜಿಸ್ಟರು ರಿಜಿಸ್ಟರೇ.
ಬರೆದುಕೊಂಡ: ಚುಕ್ಕಿ, ಒಂದು. ಹಿಟ್ಟಿನದು.

ಮನೆಗೆ ಬಂದ ಚುಕ್ಕಿಯ ಮೂಲೆ ಎಣಿಸಿ
‘ಆರು. ಈಗ ಸರಿ ಆತು’ ಅಂದಳು ಶೀಬಾ.

ಹಬ್ಬ ಕಳೆದ ಮೇಲೆ ಎಲ್ಲವನ್ನೂ ಟ್ರಂಕಿಗೆ ಹಾಕಿ ಮರೆತಿದ್ದೆ.
ಜೂನಿನಲ್ಲಿ ಹುಲಿಗೆಮ್ಮ ಬಾಗಿಲಿಗೆ ಬಂದಳು:
‘ಅಮಾಸಿ ಬಂತ್ರಿ ಆಂಟಿ, ನನ್ನ ಎತ್ತು ಕೊಡ್ರಿ.’
ಮೋಡದ ಗಾಳಿಗೆ ಉಪ್ಪು ನೀರೊಡೆದು
ಎರಡರ ಮೈಯೂ ಜಿಗುಟು, ತೊಟ್ಟಿಕ್ಕುವಷ್ಟು ಹಸಿ.
ಹಾಳಾಗಿವೆ ಬಿಡು, ಬೇರೆ ಮಾಡಿಕೊಳ್ಳೋಣ ಎಂದೆ.
ಅವಳು ಲಂಗದ ತುದಿಯಿಂದ ಒಂದೊಂದರ ಬೆನ್ನು ಒರೆಸುತ್ತ
ನನ್ನ ಕಡೆ ನೋಡದೆಯೇ ಹೇಳಿದಳು,
‘ದುಡದಾವಲ್ರಿ, ಅದಕ ಬೆವರ್ಯಾವ.’